‘ನೀವು ಇನ್ನೂ ಇದ್ದೀರಾ?’

ನಮ್ಮ ಮನೆಯ ಟೀವಿಯೊಳಗೆ ಕುಳಿತು ಧಾರಾವಾಹಿ ಬಡಿಸುವ ವಿಡಿಯೋ ಕಂಪನಿಯೊಂದು ನನ್ನ ಅಜ್ಜಿಯನ್ನು ನೆರೆಯವರ ಎದುರಿಗೇ ಅವಮಾನಿಸಿದೆ. ಇದು ಅನುಮಾನವಲ್ಲ, ಆರೋಪ. ಇಂಗ್ಲಿಷ್ ಸಾಲೊಂದನ್ನು ಯಂತ್ರದ ಬಾಯಿಗೆ ಹಾಕಿ, ಹೊರಬಿದ್ದ ಕನ್ನಡವನ್ನು ಒಬ್ಬ ಮನುಷ್ಯನಿಗೂ ಓದಿಸದೆ ನಾಡಿಗೆಲ್ಲ ಹಂಚಿದವರು ಯಾರೋ, ಅವರೇ ಇದಕ್ಕೆ ಹೊಣೆ. ಆದರೆ ಆ ಕನ್ನಡವನ್ನು ಮನೆಯೊಳಗೆ ಕರೆತಂದವಳು ನಾನು ಎಂಬುದನ್ನೂ ಓದುಗರ ಮುಂದೆ ಒಪ್ಪಿಕೊಳ್ಳಲೇಬೇಕು. ಕನ್ನಡ ಎಂ.ಎ. ಮುಗಿಸಿದ ಹುಮ್ಮಸ್ಸಿನಲ್ಲಿ ಹೊಳೆನರಸೀಪುರದ ನಮ್ಮ ಮನೆಯದಷ್ಟೇ ಅಲ್ಲ, ಚನ್ನರಾಯಪಟ್ಟಣದ ದೊಡ್ಡಮ್ಮನ, ಅರಕಲಗೂಡಿನ ಸೋದರಮಾವನ ಟೀವಿಗಳನ್ನೂ ಭಾಷೆಯ ಆಯ್ಕೆ ಬದಲಿಸಿ ಇಂಗ್ಲಿಷಿನಿಂದ ಬಿಡುಗಡೆ ಮಾಡಿದ್ದೆ. ಮಾವ ಇವತ್ತಿಗೂ ‘ಸೌಂಡು’ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದಾರೆ. ‘ಧ್ವನಿ ಪ್ರಮಾಣ’ ಎಂದಿದೆಯಲ್ಲ, ಅದೇ ಎಂದರೆ, “ಟೀವಿ ಕೈಲೂ ಪ್ರಮಾಣ ಮಾಡಿಸ್ಬುಟ್ಯಲ್ಲವ್ವಾ” ಎನ್ನುತ್ತಾರೆ.

ಇರಲಿ, ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಪಕ್ಕದ ಮನೆಯ ಪದ್ಮಕ್ಕ ಶ್ರವಣಬೆಳಗೊಳದ ಕಡೆಯ ಜೈನರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಧಾರಾವಾಹಿಗೆ ಬರುತ್ತಾರೆ. ಅಜ್ಜಿಯೂ ಅವರೂ ಎದ್ದೇಳದೆ ಮೂರು ಕಂತು ಮುಗಿಸುವವರು. ಬಹಳ ಹೊತ್ತು ಯಾರೂ ರಿಮೋಟ್ ಮುಟ್ಟದಿದ್ದರೆ, ನೋಡುವವರು ಎದ್ದು ಹೋಗಿದ್ದಾರೇನೋ ಎಂದು ಕಂಪನಿ ಕಥೆ ನಿಲ್ಲಿಸಿ ವಿಚಾರಿಸುತ್ತದೆ. ಅವತ್ತೂ ಹಾಗೆಯೇ ಆಯಿತು. ಸೊಸೆ ಅತ್ತೆಗೆ ಎದುರುತ್ತರ ಕೊಡಲು ಬಾಯಿ ತೆರೆದ ಗಳಿಗೆಯಲ್ಲೇ ಪರದೆ ಕಪ್ಪಾಗಿ, ದಪ್ಪ ಅಕ್ಷರಗಳಲ್ಲಿ ‘ನೀವು ಇನ್ನೂ ಇದ್ದೀರಾ?’ ಎಂದು ಮೂಡಿತು. ಕೆಳಗೆ ಎರಡು ಗುಂಡಿಗಳು: ‘ಹೌದು’, ‘ನಿರ್ಗಮಿಸಿ’.

ಎಂಬತ್ತು ದಾಟಿದ ಅಜ್ಜಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

“ಇನ್ನೂ ಇದ್ದೀರಾ ಅಂತಾನಲ್ಲ, ನನ್ನ ಕೇಳಕ್ಕೆ ಇವನ್ಯಾವನೇ? ಪದ್ಮಾ, ಆ ಕೊನೇದೇನು?”

ಬಸದಿಯ ಪ್ರವಚನ ತಪ್ಪಿಸದ ಪದ್ಮಕ್ಕನಿಗೆ ಅಂಥ ಪದಗಳು ಗೊತ್ತು. “ಹೊರಡಿ ಅಂತ ಕಣಮ್ಮಾ” ಎಂದರು, ತಗ್ಗಿದ ದನಿಯಲ್ಲಿ.

“ನೋಡ್ದಾ! ಇನ್ನೂ ಯಾಕಿದ್ದೀಯ, ಓಗು ಅಂತವ್ನೆ!”

ಅವತ್ತಿನಿಂದ ಅಜ್ಜಿ ಟೀವಿಗೆ ಬೆನ್ನು ಹಾಕಿದಳು. “ಕೇಳ್ದೋನು ಬಂದು ತಪ್ಪಾಯ್ತು ಅನ್ನೋಗಂಟ ನೋಡಾಕಿಲ್ಲ ಕಣೇ.” ಅವಮಾನವನ್ನು ಕಣ್ಣಾರೆ ಕಂಡ ಪದ್ಮಕ್ಕ ಮುಜುಗರಪಟ್ಟು ಬರುವುದನ್ನೇ ಬಿಟ್ಟರು. ನಡುಮನೆಯ ನಗು ನಿಂತುಹೋಯಿತು. ಸಂಜೆಯಾದರೆ ಅಜ್ಜಿ ಬಾಗಿಲ ಕಡೆಗೇ ನೋಡುವಳು. ನಾನು ನೋಡಿದೆನೆಂದರೆ ಅವರೆಕಾಯಿ ಸುಲಿಯುವುದರಲ್ಲಿ ಮುಳುಗಿದಂತೆ ನಟಿಸುವಳು.

ಕಂಪನಿಯ ದೂರು ವಿಭಾಗದಲ್ಲಿ ಮನುಷ್ಯರಿಲ್ಲ. ಅಲ್ಲಿಯೂ ಉತ್ತರಿಸುವುದು ಯಂತ್ರವೇ. ‘ಇರು’ ಧಾತುವಿಗೆ ಬದುಕಿರು ಎಂಬ ಅರ್ಥವೂ ಉಂಟೆಂದು, ಎಂಬತ್ತು ದಾಟಿದವರಿಗೆ ಆ ಅರ್ಥವೇ ಮೊದಲು ತಟ್ಟುವುದೆಂದು ಸವಿಸ್ತಾರವಾಗಿ ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: ‘ನಿಮ್ಮ ಅಜ್ಜಿಯ ಬಗ್ಗೆ ತಿಳಿದು ವಿಷಾದವಾಯಿತು. ಉತ್ತಮ ಅನುವಾದವಿದ್ದರೆ ಸೂಚಿಸಿ.’ ಗಾಬರಿಯಾಗಿ ‘ಅಜ್ಜಿ ಇನ್ನೂ ಇದ್ದಾಳೆ’ ಎಂದು ಟೈಪಿಸಿದೆ. ಟೈಪಿಸಿದ ಮೇಲೆ ನನ್ನ ಬೆರಳುಗಳನ್ನೇ ದುರುಗುಟ್ಟಿ ನೋಡಿದೆ.

ಉತ್ತಮ ಅನುವಾದ ತಾನೇ, ಎಂದು ಪೆನ್ನು ಹಿಡಿದು ಅಜ್ಜಿಯ ಮುಂದೆ ಕುಳಿತೆ. ‘ಮುಂದುವರಿಸಬೇಕೇ?’ ಎಂದೆ. “ಏನ್ನ, ನಾನ್ ಬದುಕಿರೋದನ್ನಾ?” ‘ವೀಕ್ಷಿಸುತ್ತಿರುವಿರಾ?’ ಎಂದೆ. “ನನ್ ಕಣ್ಣು ನೆಟ್ಟಗವೆ, ನಿನ್ ಕನ್ನಡಕ ನೋಡ್ಕೊ.” ಮೂರನೆಯದನ್ನು ಹೇಳಲು ಬಿಡಲಿಲ್ಲ.

“ಲೇ ಮಗಾ, ಒಬ್ರು ಅವ್ರಾ ಇಲ್ವಾ ಅಂತ ತಿಳ್ಕಳಕ್ಕೆ ಇದ್ದೀರಾ ಅಂತ ಯಾರಾದ್ರೂ ಕೇಳ್ತಾರಾ? ‘ಊಟ ಆಯ್ತಾ’ ಅಂತಾರೆ. ಎದ್ದೋಗುವಾಗ್ಲೂ ಓಯ್ತೀನಿ ಅಂತಾರಾ? ‘ಬತ್ತೀನಿ’ ಅಂತಾರೆ. ಅಷ್ಟೂ ಏಳ್ಕೊಡ್ಲಿಲ್ವಾ ನಿನ್ ಎಮ್ಮೇಲಿ?”

ನಾನು ಪೆನ್ನಿನ ಮುಚ್ಚಳ ಹಾಕಿದೆ.

ಆಮೇಲೆ ಒಪ್ಪಂದವಾಯಿತು: ಆ ಪ್ರಶ್ನೆ ಪರದೆಗೆ ಬರುವ ಮೊದಲೇ ನಾನು ಪಕ್ಕದಲ್ಲಿ ಕುಳಿತು ರಿಮೋಟ್ ಒತ್ತಬೇಕು. ಆ ಷರತ್ತಿನ ಮೇಲೆ ಅಜ್ಜಿ ತಿರುಗಿ ಕುಳಿತಳು, ಪದ್ಮಕ್ಕನಿಗೂ ಕರೆ ಹೋಯಿತು. ಹಾಸನದ ಕಾಲೇಜಿನಲ್ಲಿ ಪಾಠ ಮುಗಿಸಿದವಳೇ ಬಸ್ಸು ಹಿಡಿದು ಕಾವಲಿಗೆ ಓಡಿಬರುತ್ತಿದ್ದೇನೆ. ನಿನ್ನೆ ಬಸ್ಸು ತಡವಾದಾಗ ನನಗೆ ಅಜ್ಜಿಯ ಮಾನಕ್ಕಿಂತ ಧಾರಾವಾಹಿಯ ಆ ಸೊಸೆಯ ಗತಿಯೇನಾಯಿತೋ ಎಂಬ ಚಿಂತೆ ಹೆಚ್ಚಾಗಿತ್ತು.

ಆದುದರಿಂದ ಸಂಬಂಧಪಟ್ಟವರಲ್ಲಿ ಆಗ್ರಹಪೂರ್ವಕವಾಗಿ ಕೋರುವುದೇನೆಂದರೆ, ಸದರಿ ಪ್ರಶ್ನೆಯನ್ನು ‘ಊಟ ಆಯ್ತಾ?’ ಎಂದೂ, ‘ನಿರ್ಗಮಿಸಿ’ ಎಂಬುದನ್ನು ‘ಬತ್ತೀನಿ’ ಎಂದೂ ತಿದ್ದತಕ್ಕದ್ದು; ಅಜ್ಜಿಗೆ ಕ್ಷಮಾಪಣೆಯನ್ನೂ ಕೈಗೊಂಡ ಕ್ರಮದ ವಿವರವನ್ನೂ ಮನುಷ್ಯರೊಬ್ಬರ ಸಹಿಯೊಡನೆ ಲಿಖಿತವಾಗಿ ಕಳುಹಿಸತಕ್ಕದ್ದು. ಉತ್ತರ ಕೂಡಲೇ ಬರಬೇಕು. ತಿದ್ದುಪಡಿ ಮಾತ್ರ ಧಾರಾವಾಹಿಯ ಕೊನೆಯ ಕಂತು ಮುಗಿದ ಮರುದಿನದಿಂದ ಜಾರಿಗೆ ಬಂದರೂ ನನ್ನ ಆಕ್ಷೇಪವಿಲ್ಲ.