ಒಂದು ‘ಹ’ಕಾರ ಹೆಚ್ಚಾಗಿ

ಚರ್ಚಾಸ್ಪರ್ಧೆಯಲ್ಲಿ ಗೆಲ್ಲಬೇಕಾದವನಿಗೆ ವಿಷಯ ಗೊತ್ತಿರಲೇಬೇಕೆಂಬ ನಿಯಮವೇನೂ ಇಲ್ಲ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದವನು. ವಿಷಯ ಗೊತ್ತಿರುವವನಿಗೆ ಎರಡೂ ಕಡೆಯ ನಿಜ ಕಾಣುತ್ತಿರುತ್ತದೆ. ಆದ್ದರಿಂದ ಅವನು ತಡವರಿಸುತ್ತಾನೆ. ಗೊತ್ತಿಲ್ಲದವನಿಗೆ ಆ ಸಂಕಟವಿಲ್ಲ. ಹಾಸನದ ಕಾಲೇಜಿನಲ್ಲಿ ನಾನು ಬೆಳಿಗ್ಗೆ ಹಳ್ಳಿಯೇ ಮೇಲೆಂದು, ಮಧ್ಯಾಹ್ನ ಪಟ್ಟಣವೇ ಮೇಲೆಂದು ವಾದಿಸಿ ಎರಡಕ್ಕೂ ಬಹುಮಾನದ ಲೋಟ ತಂದವನು. ದೇವರಿಲ್ಲವೆಂದು ಸಾಧಿಸಿದ್ದಕ್ಕೂ ಒಂದು ಲೋಟ ಬಂದಿದೆ. ಅದನ್ನು ಕೊಟ್ಟವರು ಒಬ್ಬ ದೇವಸ್ಥಾನದ ಧರ್ಮದರ್ಶಿಗಳು. ನಮ್ಮ ಅವ್ವ ಈ ಲೋಟಗಳಲ್ಲಿ ಉಪ್ಪು, ಹುಣಿಸೆಹಣ್ಣು ಹಾಕಿಟ್ಟಿದ್ದಾಳೆ. ದೇವರಿಲ್ಲದ ಲೋಟದಲ್ಲಿ ದೇವರ ದೀಪದ ಬತ್ತಿ ಇದೆ. ಕೇಳಿದರೆ, “ಅದ್ಕೇನ್ ಗೊತ್ತಾಯ್ತದೆ ಬುಡ್ಲಾ, ಲೋಟ ತಾನೆ” ಎನ್ನುತ್ತಾಳೆ.

ನಮ್ಮೂರು ಹೊಳೆನರಸೀಪುರ. ಹಾಗೆಂದು ಬರೆಯುತ್ತೇವೆ, ಹೇಳುವಾಗ ‘ಒಳೆನರ್ಸೀಪುರ’. ಪಕ್ಕದ ಹಾಸನವನ್ನು ‘ಆಸನ’ ಮಾಡಿ ಅದರ ಮೇಲೆ ಕೂತುಬಿಟ್ಟಿದ್ದೇವೆ. ಹಾಲು ನಮ್ಮಲ್ಲಿ ಆಲು, ಹುಲಿ ಉಲಿ, ಹೆಂಡತಿ ಎಂಡ್ತಿ. ಅರಕಲಗೂಡಿನಲ್ಲಿ ಕಳೆದುಕೊಳ್ಳಲು ‘ಹ’ ಇಲ್ಲದ್ದರಿಂದ ಆ ಊರು ಬಚಾವಾಯಿತು. ಹೀಗೆ ಬಾಯಿಂದ ಉದುರಿದ ಹಕಾರಗಳೆಲ್ಲ ಎಲ್ಲಿ ಹೋಗುತ್ತವೆ ಎಂಬ ಪ್ರಶ್ನೆಗೆ ಉತ್ತರ ನನ್ನ ಸೋದರಮಾವ. ನಾಲ್ಕಕ್ಷರ ಕಲಿತು ಗುಮಾಸ್ತೆ ಕೆಲಸಕ್ಕೆ ಸೇರಿದ ಮೇಲೆ ಅವರು ಅವನ್ನೆಲ್ಲ ಆರಿಸಿಕೊಂಡು ಬೇಕಾದಲ್ಲಿ, ಬೇಡವಾದಲ್ಲಿ ಹಚ್ಚತೊಡಗಿದರು. ಹಾಸನದ ಹೋಟೆಲಿನಲ್ಲಿ ಕುಳಿತು, “ಒಂದು ಪ್ಲೇಟು ಹಿಡ್ಲಿ ತಗೊಂಡ್ ಬಾರಯ್ಯ” ಎಂದು ಅವರು ಹೇಳಿದರೆ ಮಾಣಿ ಎದ್ದು ನಿಂತು ಕೇಳುತ್ತಿದ್ದ. ಓದಿದವರ ಬಾಯಲ್ಲಿ ಒಂದು ‘ಹ’ ಹೆಚ್ಚಾಗಿ ಇರುತ್ತದೆ ಎಂದು ನಮ್ಮ ಕಡೆಯ ಜನ ಒಪ್ಪಿಕೊಂಡು ಎಷ್ಟೋ ಕಾಲವಾಗಿದೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು; ನಾನು ಇಟ್ಟುಕೊಳ್ಳಲಿಲ್ಲ.

ನಮ್ಮ ಪೇಟೆ ಬೀದಿಯ ವಾಚನಾಲಯಕ್ಕೆ ಅಧ್ಯಕ್ಷರು ಪಿಂಚಣಿ ಪಡೆದ ಒಬ್ಬ ಶಿರಸ್ತೇದಾರರು. ಅವರನ್ನು ಹೆಸರಿನಿಂದ ಯಾರೂ ಕರೆಯುವುದಿಲ್ಲ. ಅವರ ಹೆಂಡತಿಯೂ ‘ಶಿರಸ್ತೇದಾರರು ಊಟಕ್ಕೆ ಬರಬೇಕಂತೆ’ ಎಂದೇ ಹೇಳಿಕಳಿಸುತ್ತಾರೆ. ಕಪಾಟಿನ ಪುಸ್ತಕಗಳನ್ನೆಲ್ಲ ಆರಿಸಿದವರು ಅವರೇ. ಆತ್ಮಕ್ಕೆ ನೀತಿಬೋಧೆ, ಹೊಟ್ಟೆಗೆ ಮನೆಮದ್ದು. ಇವೆರಡರ ನಡುವೆ ಮನುಷ್ಯನಿಗೆ ಇನ್ನೇನಾದರೂ ಇದೆಯೆಂಬುದನ್ನು ಅವರು ಒಪ್ಪುವುದಿಲ್ಲ. ನಾನು ರಜೆಗೆ ಬಂದಾಗಲೆಲ್ಲ ಪತ್ತೇದಾರಿ ಕಾದಂಬರಿ ತರಿಸಿ, ವಿಜ್ಞಾನ ತರಿಸಿ ಎಂದು ಪೀಡಿಸುತ್ತಿದ್ದೆ. “ಕೊಲೆ ಪುಸ್ತಕ ಓದಿದರೆ ಹುಡುಗರು ಕೊಲೆ ಕಲಿಯುತ್ತಾರಪ್ಪ” ಎಂದರು. “ಹಾಗಾದರೆ ಇಷ್ಟು ವರ್ಷ ನಿಮ್ಮ ನೀತಿಬೋಧೆ ಓದಿ ಪೇಟೆ ಬೀದಿಯ ತಕ್ಕಡಿಗಳು ಸರಿಯಾಗಬೇಕಿತ್ತಲ್ಲ ಸಾರ್” ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ನಿನ್ನ ಬಾಯಿಗೆ ಒಂದು ಕೆಲಸ ಕೊಡ್ತೀನಿ. ವಾರ್ಷಿಕೋತ್ಸವದ ಚರ್ಚೆಯಲ್ಲಿ ಯಾರು ಗೆಲ್ತಾರೋ ಅವರೇ ಬರೋ ವರ್ಷದ ಪುಸ್ತಕ ಆರಿಸಲಿ. ಸರಿಯಾ?” ಎಂದರು. ನನಗೆ ಅವರ ಮೇಲೆ ಕರುಣೆಯೇ ಬಂತು. ಕಪಾಟಿನ ಮೇಲಿನ ಎರಡು ಖಾನೆ ಕೊಲೆಗೆ, ಕೆಳಗಿನದು ವಿಜ್ಞಾನಕ್ಕೆ ಎಂದು ಆಗಲೇ ಮನಸ್ಸಿನಲ್ಲಿ ಗುರುತು ಹಾಕಿದೆ.

ವಾರ್ಷಿಕೋತ್ಸವದ ಹಿಂದಿನ ಸಂಜೆ ಹಾಸನದಿಂದ ಬಂದು ಬಸ್ಸಿಳಿದೆ. ವಾಚನಾಲಯದ ಜವಾನ ಕಾಳಯ್ಯ ಬಾಡಿಗೆ ಕುರ್ಚಿಗಳನ್ನು ಗಾಡಿಗೆ ಹೇರಿಸುತ್ತಿದ್ದವನು ನನ್ನನ್ನು ಕಂಡು ಕೂಗಿದ:

“ಸಾ, ನೋಟೀಸ್ ನೋಡಕ್ ಓಗ್ಬ್ಯಾಡಿ. ಗಂಜಿ ಅಂಟಿನ್ ವಾಸ್ನೆಗೆ ಸಾಕಮ್ಮನ ಆಡು ತಿಂದಾಕ್ಬುಡ್ತು. ವಿಸ್ಯ ಏನಪ್ಪಾ ಅಂದ್ರೆ, ‘ಪ್ಯಾಟೆ ಒಳ್ಗೆ ಆಡು ಬ್ಯಾಡ’. ಚೀಟಿ ಎತ್ತುದ್ರು, ನೀವು ಬ್ಯಾಡ ಅನ್ನೋರು. ಎಣ್ಮಕ್ಕಳ ಇಸ್ಕೂಲಿನ ಮೇಷ್ಟ್ರಮ್ಮ ಬೇಕು ಅನ್ನೋರು.”

ಒಂದೇ ಉಸಿರಿನಲ್ಲಿ ಎರಡು ಆಡು. ತರ್ಕ ಓದದವನಾಗಿದ್ದರೆ ಎರಡೂ ಒಂದೇ ಎಂದುಕೊಂಡು ಮನೆಗೆ ಹೋಗುತ್ತಿದ್ದ. ನಾನು ದಾರಿಯುದ್ದಕ್ಕೂ ವಿಚಾರ ಮಾಡಿದೆ. ಮೊದಲನೆಯ ಆಡು ನೋಟೀಸು ತಿಂದಿದೆ. ಆದ್ದರಿಂದ ಅದು ಪ್ರಾಣಿ. ಎರಡನೆಯದು ವಾಚನಾಲಯದ ಚರ್ಚೆಗೆ ಬಂದಿದೆ; ಆದ್ದರಿಂದ ಅದು ಕಲೆ. ಕಾಳಯ್ಯನ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಆದ್ದರಿಂದ ಅದು ಹಾಡು. ಶಿರಸ್ತೇದಾರರು ಗಮಕದ ಹುಚ್ಚಿನವರು. ವಾಚನಾಲಯದ ಮಗ್ಗುಲಲ್ಲೇ ಭಜನೆಮನೆ. ತಾಳದ ಸದ್ದಿಗೆ ಓದುವವರು ಗೊಣಗುತ್ತಿರುವುದು ಹಳೆಯ ದೂರು. ‘ಪೇಟೆಯೊಳಗೆ ಹಾಡು ಬೇಡ.’ ಎಷ್ಟು ಸೊಗಸಾದ ವಿಷಯ ಎಂದು ಮೆಚ್ಚಿಕೊಂಡೆ.

ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವ್ವ ಒಲೆ ಊದುತ್ತಾ, “ಆಡು ಅಂದ್ರೆ ಆಡೇ ಇರ್ಬೋದು ಕಣ್ಲಾ” ಎಂದಳು.

“ಅದೇ ಕಣವ್ವಾ, ಹಾಡೇ.”

“ಅದ್ನೇ ನಾನ್ ಅಂದಿದ್ದು. ಆಡು.”

ಇಬ್ಬರಿಗೂ ಒಮ್ಮತವಾಯಿತು. ಊಟ ಮಾಡಿ ಮಲಗಿದೆ.

ಮರುದಿನ ವಾಚನಾಲಯದ ಮುಂದಿನ ಚಪ್ಪರ ತುಂಬಿತ್ತು. ಹೆಂಗಸರ ಸಾಲಿನಲ್ಲಿ ಅವ್ವನೂ ಕೂತಿದ್ದಳು. ಕಥೆ ಬರೆದವರಿಗೆ, ಚೆನ್ನಾಗಿ ಓದಿದವರಿಗೆ ಬಹುಮಾನ ಹಂಚಿ ಮುಗಿದಿತ್ತು. ನನ್ನ ಎದುರಾಳಿ ಪದ್ಮಾವತಿ ಎಂಬ ಉಪಾಧ್ಯಾಯಿನಿ, ಚನ್ನರಾಯಪಟ್ಟಣದ ಜವಳಿ ಅಂಗಡಿಯವರ ಮಗಳು. ಇರುವೆಗೂ ದಾರಿ ಬಿಟ್ಟು ನಡೆಯುವ ಜೈನರ ಮನೆತನ. ನಮ್ಮೂರಿಗೆ ವರ್ಗವಾಗಿ ಬಂದು ಸ್ವಲ್ಪವೇ ದಿನವಾಗಿತ್ತು. ಇಂಥವರನ್ನು ಮಾತಿನಲ್ಲಿ ತುಳಿಯುವುದು ಪಾಪವಲ್ಲವೇ ಎಂದು ಒಂದು ಕ್ಷಣ ಅನ್ನಿಸಿತು. ಪಾಪವೆಂಬುದಿಲ್ಲ ಎಂದು ಹಿಂದೆಯೇ ಸಾಧಿಸಿದ್ದರಿಂದ ಸುಮ್ಮನಾದೆ. ಶಿರಸ್ತೇದಾರರು ಎದ್ದು, “ವಿಷಯ ತಮಗೆಲ್ಲ ಗೊತ್ತೇ ಇದೆ. ಅದರ ಹೆಸರೆತ್ತಿ ಮತ್ತೆ ಹೊಟ್ಟೆ ಉರಿಸಿಕೊಳ್ಳಲಾರೆ” ಎಂದು ಕೂತರು. ಗಮಕಪ್ರಿಯರಿಗೆ ನೋವಾಗುವುದು ಸಹಜವೆಂದು ನಾನು ಅರ್ಥಮಾಡಿಕೊಂಡೆ. ಪೇಟೆಯ ಆಡುಗಳನ್ನು ಹೊರಗೆ ಹಾಕಿಸಬೇಕೆಂದು ಪುರಸಭೆಗೆ ಅರ್ಜಿ ಹೋಗಿದ್ದುದು, ಸಾಕಮ್ಮನ ಆಡು ವಾಚನಾಲಯಕ್ಕೆ ನುಗ್ಗಿ ಶಿರಸ್ತೇದಾರರು ಓದುತ್ತಿದ್ದ ಧಾರಾವಾಹಿಯ ಕೊನೆಯ ಕಂತನ್ನು ವಾರಪತ್ರಿಕೆಯ ಸಮೇತ ಮೇದಿದ್ದುದು, ಹಾಸನದಲ್ಲಿದ್ದ ನನಗೆ ಹೇಗೆ ಗೊತ್ತಾಗಬೇಕು?

ಬೇಡ ಎನ್ನುವವನದೇ ಮೊದಲ ಸರದಿ. ಎದ್ದು ಶಲ್ಯ ಸರಿಮಾಡಿಕೊಂಡೆ.

“ಮಾನ್ಯ ಅಧ್ಯಕ್ಷರೇ, ಹಾಡು ಯಾರ ಮನೆಯದೇ ಆಗಿರಲಿ, ಅದು ಆ ಮನೆಯಲ್ಲೇ ಇರುತ್ತದೆಯೇ? ಇಲ್ಲ. ಬೇಲಿಗೆ ನಿಲ್ಲುವುದಿಲ್ಲ, ಗೋಡೆಗೆ ನಿಲ್ಲುವುದಿಲ್ಲ. ಕರೆಯದೆ ನಾಲ್ಕು ಮನೆಗೆ ನುಗ್ಗುತ್ತದೆ.”

“ಸತ್ಯ ಕಣಪ್ಪ” ಎಂದು ಮುಂದಿನ ಸಾಲಿನಿಂದ ಯಾರೋ ನಿಟ್ಟುಸಿರಿಟ್ಟರು. ಇಷ್ಟು ಬೇಗ ಸಭೆ ನನ್ನ ಕೈಗೆ ಬಂದದ್ದು ಅದೇ ಮೊದಲು.

“ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಕೋಳಿ ಕೂಗುವ ಮೊದಲೇ ಶುರು. ಮಲಗಿದವನಿಗೆ ನಿದ್ದೆಯಿಲ್ಲ, ಓದುವವನಿಗೆ ಓದಿಲ್ಲ. ಇವತ್ತು ಒಂದು ಇದೆಯಲ್ಲ ಎಂದು ಸುಮ್ಮನಿದ್ದರೆ ಬರುವ ವರ್ಷಕ್ಕೆ ಅದೇ ಮೂರು ನಾಲ್ಕಾಗುತ್ತದೆ. ಇನ್ನು ಈ ವಾಚನಾಲಯ. ಹಾಡು ಒಳಗೆ ಬಂದ ಮೇಲೆ ಇಲ್ಲಿ ಪತ್ರಿಕೆ ಓದಲು ಯಾರಿಗಾದರೂ ಸಾಧ್ಯವಾಗಿದೆಯೇ? ಅಕ್ಷರಕ್ಕೂ ಹಾಡಿಗೂ ಎಂದೆಂದಿಗೂ ವೈರ.”

ಚಪ್ಪಾಳೆ ನಿಲ್ಲಲೇ ಇಲ್ಲ. ಶಿರಸ್ತೇದಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ‘ಹಾಡು’ ಎಂದಾಗಲೆಲ್ಲ ಸಭೆಗೆ ‘ಆಡು’ ಎಂದೇ ಕೇಳುತ್ತಿತ್ತೆಂದೂ, ಆ ಹೆಚ್ಚಿನ ಹಕಾರವನ್ನು ಕಾಲೇಜಿನ ಹುಡುಗನ ಹಿಡ್ಲಿಯ ಲೆಕ್ಕಕ್ಕೆ ಹಾಕಿಕೊಂಡಿತ್ತೆಂದೂ ನನಗೆ ಆಮೇಲೆ ತಿಳಿಯಿತು. ಹಿಂದಿನಿಂದ ಸಾಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು, “ಯಾರ್ಲಾ ಅವ್ನು? ನನ್ ಆಡು ನಿನ್ ತ್ವಾಟಕ್ ಬಂದಿತ್ತೇನ್ಲಾ?” ಎಂದಳು. ಅವಳ ಗುರುತಿರದ ನಾನು, ಪಾಪ, ಸೋಬಾನೆ ಹೇಳುವ ಹೆಂಗಸಿರಬೇಕೆಂದುಕೊಂಡು, “ಕಲಾವಿದರು ಮನಸ್ಸಿಗೆ ಹಚ್ಚಿಕೊಳ್ಳಬಾರದು” ಎಂದು ಕೈಮುಗಿದೆ. ಅವಳು ಪಕ್ಕದವಳನ್ನು, “ಅಂಗಂದ್ರೇನವ್ವಾ, ಬೈದ್ನಾ?” ಎಂದು ಕೇಳುತ್ತಾ ಕೂತಳು.

ಪದ್ಮಾವತಿ ಎದ್ದರು. ದನಿ ಮೆದು. “ಎದುರಾಳಿಗಳ ಒಂದೊಂದು ಮಾತೂ ನಿಜ. ಆದರೆ ಅದು ಹಾಲು ಕೊಡುತ್ತದೆ ಅನ್ನುವುದನ್ನು ಮರೆತರು” ಎಂದರು. ರೂಪಕ ಚೆನ್ನಾಗಿದೆ ಎಂದುಕೊಂಡೆ. “ಹಸು ಕಟ್ಟಲಾರದ ಬಡವರ ಮನೆಯ ಮಗುವಿಗೆ ಅದೇ ಆಸರೆ” ಎಂದರು. ಇದೂ ರೂಪಕವೇ, ಸ್ವಲ್ಪ ಎಳೆದಂತಾಯಿತು. “ಅದರ ಹಿಕ್ಕೆಯಂಥ ಗೊಬ್ಬರ ಇನ್ನೊಂದಿಲ್ಲ” ಎಂದರು. ಯಾವ ಅಲಂಕಾರಶಾಸ್ತ್ರದಲ್ಲೂ ಇದಕ್ಕೆ ಜಾಗವಿಲ್ಲವೆಂದು ನನಗೆ ಖಚಿತವಾಯಿತು.

ಆಗ ನಾನು ಸುಮ್ಮನೆ ಕೂತಿದ್ದರೆ ಈ ಪ್ರಬಂಧದ ಅಗತ್ಯವಿರುತ್ತಿರಲಿಲ್ಲ. ಆದರೆ ಎದುರಾಳಿ ಎಡವಿದಾಗ ಕೂತಿರುವುದನ್ನು ನನಗೆ ಯಾರೂ ಕಲಿಸಿಲ್ಲ. ನೆಟ್ಟಗೆ ಎದ್ದು, “ಆಕ್ಷೇಪಣೆ, ಅಧ್ಯಕ್ಷರೇ. ಇದು ವಿಷಯಾಂತರ. ನಾವು ಚರ್ಚಿಸುತ್ತಿರುವುದು ಬಾಯಲ್ಲಿ ಹಾಡುವ ಹಾಡನ್ನು. ಇವರು ಯಾವುದೋ ನಾಲ್ಕು ಕಾಲಿನ ಪ್ರಾಣಿಯ ಮೇಲೆ ಮಾತಾಡುತ್ತಿದ್ದಾರೆ. ವಿಷಯ ಬಿಟ್ಟವರನ್ನು ಸ್ಪರ್ಧೆಯಿಂದಲೇ ಕೈಬಿಡಬೇಕೆಂದು ಕೇಳಿಕೊಳ್ಳುತ್ತೇನೆ” ಎಂದೆ.

ಶಿರಸ್ತೇದಾರರು ಮುಂದಕ್ಕೆ ಬಾಗಿ, “ಅಂದರೆ... ಇಷ್ಟು ಹೊತ್ತು ನೀನು ಹೇಳಿದ್ದು ಸಂಗೀತದ ಮೇಲಾ?” ಎಂದರು.

“ಮತ್ತಿನ್ಯಾತರ ಮೇಲೆ ಸಾರ್?”

ಮೊದಲು ನಕ್ಕವನು ಕಾಳಯ್ಯ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಸುಲಭ: ನಾನು. ಪದ್ಮಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಂದು ನಿಮಿಷ ನಿಂತು, ನಗು ನುಂಗಿ, “ಅಧ್ಯಕ್ಷರೇ, ಹಕಾರ ಅವರೇ ಇಟ್ಟುಕೊಳ್ಳಲಿ. ನಮಗೆ ಆಡು ಸಾಕು” ಎಂದು ಕೂತರು. ಸಾಕಮ್ಮ ತನ್ನ ಹೆಸರು ಬಂತೆಂದು ಎದ್ದು ನಮಸ್ಕಾರ ಮಾಡಿದಳು.

ತೀರ್ಪು ಕೊಡುವ ಮೊದಲು ಶಿರಸ್ತೇದಾರರು ನನ್ನನ್ನು ಹತ್ತಿರ ಕರೆದು ಪಿಸುಮಾತಿನಲ್ಲಿ, “ಗೆದ್ದಿದ್ದೆಯಲ್ಲೋ. ನನ್ನ ಹೊಟ್ಟೆಯುರಿಯನ್ನೆಲ್ಲ ಹಾಗೆ ಹಾಗೇ ಆಡಿದ್ದೆ. ವಿಷಯ ಬಿಟ್ಟವರನ್ನು ಕೈಬಿಡಿ ಅಂತ ನೀನೇ ಕೇಳಿದ ಮೇಲೆ ನಾನೇನು ಮಾಡಲಿ?” ಎಂದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿ. ನನ್ನ ಸೂಚನೆಯೇ ಅಂಗೀಕೃತವಾಗಿ ನಾನು ಸೋತೆ. ಪುಸ್ತಕ ಆರಿಸುವ ಅಧಿಕಾರ ಪದ್ಮಾವತಿಯವರಿಗೆ ಹೋಯಿತು. ಅವರು ಆಡು ಸಾಕಣೆಯ ಪುಸ್ತಕ, ಹಾಡಿನ ಪುಸ್ತಕ ತರಿಸಿದ್ದರೆ ಬೈದುಕೊಂಡಾದರೂ ಸಮಾಧಾನಪಡಬಹುದಿತ್ತು. ಅವುಗಳ ಜೊತೆಗೆ ಮೇಲಿನ ಎರಡು ಖಾನೆ ತುಂಬ ಪತ್ತೇದಾರಿ ಕಾದಂಬರಿಗಳನ್ನೂ ತರಿಸಿ, ನನಗೆ ಒಂದು ದೂರೂ ಉಳಿಯದಂತೆ ಮಾಡಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಚರ್ಚೆಯ ಮರುದಿನ ಬೆಳಗಿನ ಜಾವ ಎಚ್ಚರವಾಯಿತು. ರಾಗಿಕಲ್ಲು ತಿರುಗುವ ಸದ್ದಿದೆ. ಅದರ ಜೊತೆಗೆ ದಿನವೂ ಬರುವ ಅವ್ವನ ಪದವಿಲ್ಲ. ಬರಿಯ ಕಲ್ಲಿನ ಸದ್ದು ಇಷ್ಟು ಒರಟು ಎಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ಎದ್ದು ಹೋಗಿ, “ಯಾಕವ್ವಾ, ಹಾಡಲ್ವಾ?” ಎಂದೆ.

“ಊರ್ಗೇ ಬ್ಯಾಡ ಅಂದ್ಮ್ಯಾಕೆ ಮನೆಗ್ಯಾಕಪ್ಪಾ?”

“ಅವ್ವಾ, ಜನ ಎಲ್ಲ ಅದನ್ನ ಮೇಕೆ ಅಂದ್ಕೊಂಡಿದ್ರು.”

“ಜನ ಅಂದ್ಕೊಂಡ್ರು. ನಮ್ಮನೇಲಿ ಆಡು ಕಟ್ಟಿಲ್ಲ ಅನ್ನಾದು ನಂಗೊತ್ತಿಲ್ವಾ? ಕೋಳಿ ಕೂಗಕ್ ಮುಂಚೆ ಸುರುವಾಗಾದು ಇನ್ಯಾರ್ದು? ನೀನ್ ಅಂದಿದ್ದು ನನ್ನೇ ಕಣ್ಲಾ.”

ಇಡೀ ಚಪ್ಪರದಲ್ಲಿ ನನ್ನ ಮಾತನ್ನು ಹೇಳಿದ ಹಾಗೆಯೇ ತಿಳಿದುಕೊಂಡವಳು ಅವಳೊಬ್ಬಳೇ. “ಅದು ಚರ್ಚೆಗೆ ಅಂದಿದ್ದು ಕಣವ್ವಾ, ನಿಜವಾಗಲ್ಲ” ಎಂದೆ.

“ನಿಜ ಅಲ್ದಿದ್ರೆ ಅಷ್ಟ್ ಗಟ್ಟಿಯಾಗ್ ಯಾಕಂದೆ?”

ನನ್ನ ಲೋಟಗಳೆಲ್ಲ ಒಟ್ಟಿಗೆ ಸೇರಿದರೂ ಇದಕ್ಕೆ ಉತ್ತರ ಕೊಡಲಾರವು. ಆದರೂ ಬಿಡಲಿಲ್ಲ. ಹಾಡು ಏಕೆ ಬೇಕು ಎಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ವಾದಿಸಿದೆ. ಹಾಡಿಲ್ಲದೆ ಹಿಟ್ಟು ನುಣ್ಣಗಾಗುವುದಿಲ್ಲ ಎಂದೆ. ನಿನ್ನ ಪದ ಕೇಳದೆ ಹಾಸನದಲ್ಲಿ ನನಗೆ ನಿದ್ದೆಯೇ ಹತ್ತುವುದಿಲ್ಲ ಎಂದೆ. ಚರ್ಚೆಗಾಗಿ ಹೇಳದ ಮಾತು ಅದೊಂದೇ ಇರಬೇಕು, ಅದಕ್ಕೇ ತಡವರಿಸಿತು. ಅವ್ವ ಹಿಡಿ ರಾಗಿ ಕಲ್ಲಿಗೆ ಹಾಕಿ ತಿರುಗಿಸುತ್ತಲೇ ಇದ್ದಳು. ಅಷ್ಟರಲ್ಲಿ ಎಲ್ಲಿಂದಲೋ ಅಲೆದುಕೊಂಡು ಬಂದ ಸಾಕಮ್ಮನ ಆಡು ಹಿತ್ತಲಾಚೆಯಿಂದ ‘ಮೇ’ ಎಂದಿತು.

“ಅದ್ನ ಕೇಳ್ಕೊಂಡ್ ಓಗು” ಎಂದಳು ಅವ್ವ. “ಮೇಷ್ಟ್ರಮ್ಮ ಗೆಲ್ಸವ್ರಲ್ಲ, ಇನ್ ದಿನಾ ಅದೇ ಆಡ್ತದೆ.”

ಬಸ್ಸಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೇರಿಸಿ ಹೊರಟೆ. ಬೀದಿಯ ತಿರುವಿಗೆ ಬಂದಿರಬೇಕು, ಕಲ್ಲಿನ ಸದ್ದಿನ ಜೊತೆಗೆ ಅವ್ವನ ದನಿ ಎದ್ದಿತು. ಹಳೆಯ ಪದವಲ್ಲ, ಆಗಲೇ ಕಟ್ಟಿದ್ದು:

ಆಸನಕೆ ಓಯ್ತವ್ವ ಓದಕ್ಕೆ ನಮ್ಮಾಡು
ಸೊಪ್ಪುಸದೆ ಒಂದೂ ರುಚಿಸಿಲ್ಲ, ನಮ್ಮಾಡು
ಮಾತ ಮೇಯ್ಕೊಂಡು ಬಂತವ್ವ.

ನಿಂತು ಮತ್ತೊಮ್ಮೆ ಕೇಳಿಸಿಕೊಂಡೆ. ನಮ್ಮ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಆದ್ದರಿಂದ, ತರ್ಕದ ಪ್ರಕಾರ, ಅದು ‘ನಮ್ಮ ಹಾಡು’ ಎಂದೇ ಇಟ್ಟುಕೊಂಡಿದ್ದೇನೆ.