ಮೂರಡಿ ಚರಂಡಿಯ ಶಾಸಕರು

ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ಮೂಲೆಮನೆ ವಕೀಲರು ಶಾಸಕರಾದದ್ದು ಮುನಿಸಿಕೊಂಡು ಹೋದ ಹೆಂಡತಿಯನ್ನು ಮನೆಗೆ ಕರೆತರುವ ಏಕೈಕ ಸದುದ್ದೇಶದಿಂದ. ಬೇರೆ ಯಾವ ದುರಾಸೆಯೂ ಆಗ ಇರಲಿಲ್ಲ. ಅದೆಲ್ಲ ಗೆದ್ದಮೇಲೆ ಬಂತು.

ಹನ್ನೊಂದು ವರ್ಷದ ಹಿಂದೆ ಪುರಸಭೆಯವರು ಅವರ ಬಾಗಿಲ ಮುಂದೆ ಮೂರಡಿ ಅಗಲದ ಚರಂಡಿ ತೋಡಿ, ದಾಟಲು ಇದ್ದ ಕಲ್ಲುಚಪ್ಪಡಿಯನ್ನು ಎತ್ತಿಕೊಂಡು ಹೋಗಿದ್ದರು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಚಪ್ಪಡಿ ತಂದು ಹಾಸಿಕೊಳ್ಳುತ್ತಿದ್ದರು. ವಕೀಲರು ಹಾಗೆ ಕಾನೂನನ್ನು ಗಾಳಿಗೆ ತೂರುವವರಲ್ಲ. ದಾವೆ ಹೂಡಿದರು. "ದಾವೆ ಇತ್ಯರ್ಥವಾಗುವವರೆಗೆ ಸದರಿ ಚರಂಡಿಯನ್ನಾಗಲಿ, ಅದರ ಮೇಲಿನ ಬಯಲನ್ನಾಗಲಿ ಯಾರೂ ಮುಟ್ಟತಕ್ಕದ್ದಲ್ಲ" ಎಂದು ತಡೆಯಾಜ್ಞೆಯನ್ನೂ ತಂದರು. ಅವರ ವೃತ್ತಿಜೀವನದ ಅತಿ ದೊಡ್ಡ ಗೆಲುವು ಅದು. ಪುರಸಭೆಯವರಂತೂ ಆ ಆಜ್ಞೆಯನ್ನು ಎಷ್ಟು ಭಕ್ತಿಯಿಂದ ಪಾಲಿಸಿದರೆಂದರೆ, ಊರಿನ ಉಳಿದ ಚರಂಡಿಗಳನ್ನೂ ಮುಟ್ಟಲಿಲ್ಲ.

ಹೆಂಡತಿ ಹನ್ನೊಂದು ವರ್ಷ ಹಾರಿ ಹಾರಿ ದಾಟಿದರು. ಕೊನೆಗೊಂದು ದಿನ ಮಂಡಿ ಕೈಕೊಟ್ಟಿತು. ತರಕಾರಿ ಚೀಲದ ಸಮೇತ ಒಳಗೆ ಬಿದ್ದರು. ಎದ್ದವರು ಮನೆಯ ಕಡೆ ಹತ್ತಲಿಲ್ಲ. ಬೀದಿಯ ಕಡೆ ಹತ್ತಿ, ಎರಡು ಬೀದಿ ಆಚೆ ಇದ್ದ ಅಣ್ಣನ ಮನೆಗೆ ನೆಟ್ಟಗೆ ಹೋಗಿ ಕೂತರು.

"ಚಪ್ಪಡಿ ಬಿದ್ದ ದಿನ ಬರ್ತೀನಿ. ಅಲ್ಲೀವರೆಗೂ ನಿಮ್ಮ ತಡೆಯಾಜ್ಞೆ ಕೈಲೇ ಅಡುಗೆ ಮಾಡಿಸ್ಕೊಳ್ಳಿ" ಎಂದರು.

ವಕೀಲರಿಗೆ ಹೆಂಡತಿಯೆಂದರೆ ಪ್ರಾಣ. ಒಂದು ವಾರ ಸ್ವಂತ ಕೈಯಡುಗೆ ಉಂಡಮೇಲೆ ಆ ಪ್ರೀತಿ ಇಮ್ಮಡಿಯಾಯಿತು. ಚುನಾವಣೆಗೆ ನಿಂತೇಬಿಟ್ಟರು. "ಚಪ್ಪಡಿ ಹಾಕಿಸಿಯೇ ತೀರುತ್ತೇನೆ" ಎಂಬುದೇ ಪ್ರಣಾಳಿಕೆ. ಎಲ್ಲರ ಮನೆ ಮುಂದೆಯೂ ಒಂದೊಂದು ಚರಂಡಿ ಇದ್ದುದರಿಂದ, ಯಾವ ಚಪ್ಪಡಿ ಎಂದು ಯಾರೂ ಕೇಳಲಿಲ್ಲ. ಭಾರಿ ಬಹುಮತದಿಂದ ಗೆದ್ದರು.

ಮರುದಿನವೇ ಚಪ್ಪಡಿ ಹಾಸುವಂತೆ ಪುರಸಭೆಗೆ ಆದೇಶ ಹೋಯಿತು. ಸಂಜೆಯೊಳಗೆ ಉತ್ತರ ಬಂತು: "ಮಾನ್ಯರೇ, ಮೂಲೆಮನೆ ವಕೀಲರ ತಡೆಯಾಜ್ಞೆ ಜಾರಿಯಲ್ಲಿದೆ. ತಾವು ದಯಮಾಡಿ ಅವರನ್ನು ಒಪ್ಪಿಸತಕ್ಕದ್ದು."

ಶಾಸಕರಿಗೆ ಮೈಯೆಲ್ಲ ಉರಿಯಿತು. ಜನರ ಕೆಲಸಕ್ಕೆ ಅಡ್ಡಗಾಲು ಹಾಕುವ ವಕೀಲರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮನೆಯ ಮುಂಗೋಣೆಯಲ್ಲಿ ಎರಡು ಮೇಜುಗಳಿದ್ದವು: ಎಡಗಡೆಯದು ವಕೀಲರ ಕಚೇರಿ, ಬಲಗಡೆಯದು ಶಾಸಕರದು. ಬಲಗಡೆ ಕೂತು ಕಾಗದ ಬರೆದರು. ಗುಮಾಸ್ತ ಅದನ್ನು ಎಡಗಡೆಗೆ ಒಯ್ದು, "ಸ್ವೀಕರಿಸಲಾಗಿದೆ" ಎಂದು ಮುದ್ರೆಯೊತ್ತಿದ. ಯಜಮಾನರು ಎದ್ದುಬಂದು ಎಡಗಡೆ ಕೂತು, ಕನ್ನಡಕ ಬದಲಿಸಿ ಓದಿದರು.

"ದಾವೆ ವಾಪಸ್ ತಗೋಬೇಕಂತೆ! ಮೊದಲು ಚಪ್ಪಡಿ ಹಾಕಿಸ್ಲಿ. ಈ ರಾಜಕಾರಣಿಗಳ ಮಾತು ಯಾರು ನಂಬ್ತಾರೆ?"

"ಹಾಗೇ ಬರೀಲಾ ಸಾರ್?"

"ಇನ್ನೂ ಸ್ವಲ್ಪ ಖಾರವಾಗಿ ಬರಿ."

ಆ ಕಾಗದ ಬಲಗಡೆಗೆ ಬಂದಾಗ ಶಾಸಕರು ಕೆಂಪಗಾದರು. "ಏನು ಪೊಗರು ಈ ಮನುಷ್ಯನಿಗೆ!" ಎಂದು ಗುಮಾಸ್ತನ ಮುಂದೆ ಹಲ್ಲು ಕಡಿದರು. ಎಂಟು ತಿಂಗಳು ಹೀಗೇ ನಡೆಯಿತು. ಗುಮಾಸ್ತನಿಗೆ ನಾಲ್ಕು ಹೆಜ್ಜೆಯ ಪ್ರಯಾಣಭತ್ಯೆ ಮಂಜೂರಾಯಿತು. ಒಂಬತ್ತು ಸಲ ರಾಜಿಸಭೆ ಕರೆದರೂ, ಒಬ್ಬರು ಕುರ್ಚಿಯಲ್ಲಿ ಕೂತರೆ ಎದುರು ಕುರ್ಚಿ ಖಾಲಿಯಾಗುತ್ತಿದ್ದುದರಿಂದ, "ಎದುರು ಪಕ್ಷದವರು ಗೈರುಹಾಜರು" ಎಂದು ಒಂಬತ್ತು ಸಲವೂ ಮುಂದೂಡಲಾಯಿತು.

ಪ್ರತಿ ಸಂಜೆ ಹೆಂಡತಿಯನ್ನು ನೋಡಿ ಬರುವುದನ್ನು ಮಾತ್ರ ಅವರು ತಪ್ಪಿಸಲಿಲ್ಲ.

"ಯಾರಿಂದ ಇಷ್ಟು ತಡ ಆಗ್ತಿದೆ ರೀ?"

"ಇಬ್ಬರೂ ಹಟಮಾರಿಗಳು ಕಣೇ. ನಾನೊಬ್ಬ ಎಷ್ಟು ಅಂತ ಹೇಳ್ಲಿ?" ಎನ್ನುವಾಗ ಅವರಿಗೆ ನಿಜವಾಗಿಯೂ ಅಳು ಬಂತು.

ಹೆಂಡತಿಯ ತಾಳ್ಮೆಯ ಕಟ್ಟೆಯೊಡೆಯಿತು. ಒಂದು ಭಾನುವಾರ ಬೆಳಿಗ್ಗೆ, ಗಾರೆ ಕೆಲಸದ ಅಣ್ಣನಿಂದ ಕೈಗಾಡಿಯಲ್ಲಿ ಚಪ್ಪಡಿ ತರಿಸಿ, ಇಪ್ಪತ್ತು ನಿಮಿಷದಲ್ಲಿ ಹಾಸಿಸಿ, ಕುಂಟುತ್ತಾ ದಾಟಿ ಮನೆಯೊಳಗೆ ಬಂದರು. ಯಜಮಾನರು ಕುಣಿಯುವುದೊಂದು ಬಾಕಿ. "ಬಂದೆಯಾ!" ಎಂದು ಎರಡೂ ಕೈ ಹಿಡಿದುಕೊಂಡರು. ಆಮೇಲೆ ಕಿಟಕಿಯಿಂದ ಚಪ್ಪಡಿಯನ್ನು ನೋಡಿದರು. ಮೆಲ್ಲಗೆ ಕೈಬಿಟ್ಟು ಎಡಗಡೆ ಮೇಜಿಗೆ ನಡೆದರು.

ತಡೆಯಾಜ್ಞೆಯ ಉಲ್ಲಂಘನೆಯೆಂದು ವಕೀಲರು ದೂರು ಬರೆದರು. ಉಗ್ರ ಕ್ರಮಕ್ಕೆ ಶಾಸಕರು ಶಿಫಾರಸು ಬರೆದರು. ಇಬ್ಬರೂ ಒಮ್ಮತಕ್ಕೆ ಬಂದ ಮೊದಲ ಸಂದರ್ಭವಾದ್ದರಿಂದ ಪುರಸಭೆಯವರು ಭಾನುವಾರವೆಂದೂ ನೋಡದೆ ನಾಲ್ಕು ಜನ ಬಂದು, ಚಪ್ಪಡಿಯನ್ನು ಸಾಕ್ಷ್ಯವಸ್ತುವೆಂದು ಹೊತ್ತೊಯ್ದರು. ಅಣ್ಣ ಆಚೆಬದಿಯಲ್ಲಿ ಬಾಯಿಬಿಟ್ಟುಕೊಂಡು ನಿಂತಿದ್ದ.

ಸಂಜೆಗೆ ಪ್ರಕಟಣೆ ಹೊರಬಿತ್ತು: "ಶಾಸಕರ ಧರ್ಮಪತ್ನಿಯವರು ಕ್ಷೇಮವಾಗಿ ಮನೆ ಸೇರಿರುವುದರಿಂದ ಚಪ್ಪಡಿ ಯೋಜನೆಯು ಸಂಪೂರ್ಣ ಯಶಸ್ವಿಯಾಗಿದೆಯೆಂದು ಭಾವಿಸತಕ್ಕದ್ದು." ಜನ ಚರಂಡಿಯ ಆಚೆ ನಿಂತು ಚಪ್ಪಾಳೆ ತಟ್ಟಿದರು. ತಮ್ಮ ಮನೆಗಳಿಗೂ ಇದೇ ಯೋಜನೆ ಬೇಕೆಂದು ಕೆಲವರು ಅಲ್ಲೇ ಅರ್ಜಿ ಕೊಟ್ಟರು.

"ರೀ, ಈಗ ನಾನು ಹೊರಗೆ ಹೋಗೋದು ಹೇಗೆ?" ಎಂದು ಹೆಂಡತಿ ಕೇಳಿದರು.

"ಯಾರನ್ನ ಕೇಳ್ತಿದ್ದೀಯ? ವಕೀಲರನ್ನೋ, ಶಾಸಕರನ್ನೋ?"

ಹೆಂಡತಿ ಎರಡೂ ಮೇಜುಗಳನ್ನು ನೋಡಿದರು, ಗಂಡನ ಮುಖವನ್ನೂ ನೋಡಿದರು. ಅಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಮಂಡಿ ಒತ್ತಿಕೊಳ್ಳುತ್ತಾ ನಡುವಿನ ಕುರ್ಚಿಯಲ್ಲಿ ಕೂತು, ಗುಮಾಸ್ತನ ಕಡೆ ಕೈಚಾಚಿದರು.

"ಅರ್ಜಿ ಬರೆಯೋಕೆ ಹಾಳೆ ಕೊಡಪ್ಪ. ಎಷ್ಟು ಪ್ರತಿ ಬೇಕು?"

"ಎರಡು ಅಮ್ಮ. ತಲಾ ಒಂದು."

ಹೆಂಡತಿ ಎರಡನ್ನೂ ನೀಟಾಗಿ ಬರೆದು, ರುಜು ಹಾಕಿ, ಎಡಕ್ಕೊಂದು ಬಲಕ್ಕೊಂದು ಇಟ್ಟರು. "ಒಲೆ ಹಚ್ಚೋ ಮುಂಚೆ ವಿಚಾರಣೆಯ ಮುಂದಿನ ದಿನಾಂಕ ಹೇಳ್ಬಿಡಪ್ಪ" ಎಂದರು.