ಕುಸ್ಕೊದಲ್ಲಿ ಉಂಡ ಮುಖ್ಯ ಅತಿಥಿ

ಫ್ರೆಂಚ್ ಹೋಟೆಲಿನ ಊಟದ ಮೇಜಿನ ಮುಂದೆ ಕೊರಳಿಗೆ ಬಿಳೀ ಬಟ್ಟೆ ಸಿಕ್ಕಿಸಿಕೊಂಡು ತೆಗೆಸಿದ ಆ ಒಂದು ಫೋಟೊವನ್ನು ಗುರುಸಂಗಪ್ಪನವರು ಅಂಗಡಿಯ ಗೋಡೆಗೆ ತೂಗುಹಾಕದೇ ಇದ್ದಿದ್ದರೆ ಇಷ್ಟೆಲ್ಲ ಫಜೀತಿ ಆಗುತ್ತಲೇ ಇರಲಿಲ್ಲ.

ಕೂಡ್ಲಿಗಿಯಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಮೆಕ್ಕೆಜೋಳದ ಬೀಜ ಸಿಕ್ಕಾಪಟ್ಟೆ ಮಾರಿದ ಡೀಲರುಗಳನ್ನು ಕಂಪನಿಯವರು ಹೋದ ವರ್ಷ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಕರೆದೊಯ್ದಿದ್ದರು. ಅಲ್ಲಿನ ಪುರಾತನ ಪಟ್ಟಣ ಕುಸ್ಕೊದಲ್ಲಿ ಮೂರು ದಿನ ಮೂರು ಫ್ರೆಂಚ್ ಹೋಟೆಲುಗಳಲ್ಲಿ ಊಟ. ತಿರುಗಿ ಬಂದಾಗಿನಿಂದ ಅಂಗಡಿಗೆ ಯೂರಿಯಾ ಕೇಳಿಕೊಂಡು ಬಂದವರಿಗೂ ಕುಸ್ಕೊದ ಕತೆ ಪುಕ್ಕಟೆ.

"ಕಲ್ಲಿಗೆ ಕಲ್ಲು ಹೆಂಗ ಕೂಡಿಸ್ಯಾರಂದ್ರ, ನಡುವ ಬ್ಲೇಡು ತೂರಂಗಿಲ್ಲ. ಅಂಥಾ ಗೋಡಿ ಒಳಗ ಫ್ರೆಂಚ್ ಹೋಟ್ಲು! ಏಳು ಸುತ್ತು ಊಟ ಬರ್ತೈತಿ. ನಮ್ಮ ಪಂಕ್ತಿಯಂಗ ಎಲ್ಲಾ ಒಮ್ಮೆಲೆ ಬಡಿಸೋದಿಲ್ಲ."

ಆ ಏಳು ಸುತ್ತಿನಲ್ಲಿ ಒಂದು ತುತ್ತನ್ನೂ ಅವರು ನುಂಗಿರಲಿಲ್ಲ ಎಂಬುದು ಅವರಿಗೆ, ದೇವರಿಗೆ ಮತ್ತು ಜೊತೆಗಿದ್ದ ಹರಪನಹಳ್ಳಿಯ ಡೀಲರ್ ಬಸವೇಶನಿಗೆ ಮಾತ್ರ ಗೊತ್ತಿತ್ತು. ಕೊರಳಲ್ಲಿ ಲಿಂಗ, ಎದುರಿಗೆ ಮೊರದಗಲದ ತಟ್ಟೆ, ಅದರಲ್ಲಿ ಹೆಬ್ಬೆರಳಿನಷ್ಟು ತಿನಿಸು. ಅದು ಕಾಯಿಪಲ್ಲೆಯೋ, ಈಜುತ್ತಿದ್ದದ್ದೋ ಎಂದು ಯಾರನ್ನು ಕೇಳುವುದು? ಮೂರೂ ದಿನ ಅವರು ಹೆಂಡತಿ ಶಿವಬಸಮ್ಮ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಹೊಟ್ಟೆ ತುಂಬಿಸಿಕೊಂಡಿದ್ದರು.

ಆ ದಿನ ಬೆಳಿಗ್ಗೆ ಎದುರಿನ ಗ್ಯಾರೇಜಿನ ರಾಜಾಸಾಬ್ ಬಂದರು. ಅವರ ಮಗಳು ಮೆಹನಾಜ ಹೈದರಾಬಾದಿನ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ನಾಲ್ಕು ವರ್ಷ ದುಡಿದು ಬಂದಿದ್ದಳು. ಅಂದು ಸಂಜೆ ಹೈವೇ ಪಕ್ಕದಲ್ಲಿ ತನ್ನದೇ ಹೋಟೆಲು ತೆರೆಯುವವಳಿದ್ದಳು.

"ಯಜಮಾನ್ರ, ನನ್ ಮಗಳು ಫ್ರೆಂಚ್ ಅಡಿಗಿನೂ ಮಾಡ್ತಾಳ್ರಿ. ನಮ್ಮ ತಾಲೂಕಿನ್ಯಾಗ ಅದನ್ನ ಉಂಡು ಬಂದವ್ರು ನೀವೊಬ್ರ. ಟೇಪು ನೀವ ಕತ್ತರಿಸ್ಬೇಕು."

ಗುರುಸಂಗಪ್ಪನವರ ಎದೆ ಉಬ್ಬಿತು. ಇಷ್ಟು ವರ್ಷ ಊರಿನ ಬ್ಯಾನರುಗಳಲ್ಲಿ ಅವರ ಹೆಸರು "ಶುಭ ಕೋರುವವರು" ಪಟ್ಟಿಯ ಕಟ್ಟಕಡೆಗೆ ಇರುವೆಯ ಗಾತ್ರದಲ್ಲಿ ಇರುತ್ತಿತ್ತು. ಈಗ ಹತ್ತು ಗಂಟೆಗೆಲ್ಲ ಬಸ್ ನಿಲ್ದಾಣದ ಎದುರು ಆಳೆತ್ತರದ ಬ್ಯಾನರು ಎದ್ದಿತು: ಮುಖ್ಯ ಅತಿಥಿ, ಶ್ರೀ ಗುರುಸಂಗಪ್ಪನವರು. ಏನೂ ಕೆಲಸವಿಲ್ಲದಿದ್ದರೂ ಅವರು ಎರಡು ಸಲ ಅತ್ತ ಹೋಗಿ ಬಂದರು.

ಪಕ್ಕದ ಬಟ್ಟೆ ಅಂಗಡಿಯ ದುರುಗೇಶನಿಗೆ ಹೊಟ್ಟೆಯುರಿ ತಡೆಯಲಿಲ್ಲ.

"ಏಳು ಸುತ್ತು ಉಂಡ್ರಲ್ರೀ, ಒಂದರ ಹೆಸ್ರು ಹೇಳ್ರಿ ನೋಡೂಣು."

"ಹೆಸ್ರು ಕೇಳ್ಕೋಂತ ಕುಂತ್ರ ಊಟ ಆರಿ ಹೋಗತೈತಿ ತಮ್ಮಾ!"

ಮಧ್ಯಾಹ್ನ ಮೆಹನಾಜ ಮುಚ್ಚಿದ ಬಟ್ಟಲೊಂದನ್ನು ಹಿಡಿದು ಬಂದಳು.

"ಉಳ್ಳಾಗಡ್ಡಿ ಸೂಪು ಕಾಕಾ. ನಿಮಗಂತ ಬರೀ ಕಾಯಿಪಲ್ಯದ ನೀರಿನ್ಯಾಗ ಮಾಡೀನಿ. ಕುಸ್ಕೊದಾಗ ಉಂಡಂಗ ಐತೇನು ನೋಡ್ರಿ."

ಮೇಲೆ ಬ್ರೆಡ್ಡು, ಅದರ ಮೇಲೆ ಕರಗಿದ ಚೀಸು. ಅಡಿಯಲ್ಲಿ ಸೂಪಿದೆ ಎಂಬುದರ ಅರಿವೇ ಇಲ್ಲದ ಗುರುಸಂಗಪ್ಪನವರು ಎರಡೂ ಕೈಯಿಂದ ಬ್ರೆಡ್ಡನ್ನು ಎತ್ತಿ ರೊಟ್ಟಿಯಂತೆ ಕಚ್ಚಿದರು. ಸೂಪು ಧೋತರದ ಮೇಲೆ ಇಳಿಯಿತು. ಚೀಸು ಮೀಸೆಯಿಂದ ಬಟ್ಟಲಿನವರೆಗೆ ಶಾವಿಗೆಯ ಹಾಗೆ ಎಳೆ ಬಿಟ್ಟಿತು.

"ಅಲ್ಲಿ ಹಿಂಗ ಉಣ್ಣೋದು," ಎಂದರು ಮೀಸೆ ಬಿಡಿಸಿಕೊಳ್ಳುತ್ತ. "ಚಮಚ ಹಿಡಿದ್ರ ಅಡಿಗಿ ಮಾಡಿದವ್ರಿಗೆ ಅವಮಾನ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ದುರುಗೇಶ ಬಿದ್ದು ಬಿದ್ದು ನಕ್ಕು, ಅಲ್ಲಿಂದಲೇ ಹರಪನಹಳ್ಳಿಗೆ ಫೋನು ಹಚ್ಚಿದ. "ಬಸವೇಶ್, ಕುಸ್ಕೊ ಊಟದ ವಿಡಿಯೊ ಐತೇನಪಾ? ಸಂಜಿಗೆ ಕಾರ್ಯಕ್ರಮದಾಗ ಟಿವಿಗೆ ಹಾಕೂಣು."

ಗುರುಸಂಗಪ್ಪನವರು ಗೊಬ್ಬರದ ಚೀಲಗಳ ಹಿಂದೆ ಹೋಗಿ ತಾವೂ ಫೋನು ಮಾಡಿದರು. "ಲೇ ಬಸ್ಯಾ, ಆ ವಿಡಿಯೊ ಅಳಿಸಿ ಹಾಕಲೇ, ನಿನ್ನ ಕಾಲಿಗೆ ಬೀಳ್ತೀನಿ!"

"ಆಗ್ಲೇ ಕಳಿಸಿ ಆತಲ್ರೀ ಯಜಮಾನ್ರ. ಭಾರಿ ಚಲೋ ಬಂದೈತಿ!"

ಸಂಜೆ ಅರ್ಧ ಕೂಡ್ಲಿಗಿ ಅಲ್ಲೇ ನೆರೆದಿತ್ತು. ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯುಟ್ಟ ಶಿವಬಸಮ್ಮ. "ಮೊದ್ಲು ಟೇಪು ಕತ್ತರಿಸಿಬಿಡೂಣು" ಎಂದು ಗುರುಸಂಗಪ್ಪನವರು ಕತ್ತರಿಗೆ ಕೈ ಹಾಕುವಷ್ಟರಲ್ಲಿ ದುರುಗೇಶ ಟಿವಿ ಹಚ್ಚಿಯೇ ಬಿಟ್ಟ.

ಕಲ್ಲಿನ ಗೋಡೆ ಕಂಡಿತು. ಮೋಂಬತ್ತಿ ಕಂಡಿತು. ಗುರುಸಂಗಪ್ಪನವರ ತೊಡೆಯ ಮೇಲಿನ ಬುತ್ತಿಗಂಟೂ ಕಂಡಿತು. ಜನ ಹೋ ಎಂದು ನಕ್ಕರು. ಅಷ್ಟರಲ್ಲಿ ಪರದೆಯಲ್ಲಿ ಬಡಿಸುವವನೊಬ್ಬ ಬಂದು ಗಂಟಿನೊಳಗೆ ಇಣುಕಿದ. ಬುತ್ತಿ ಬಿಚ್ಚಿದ ಮೇಲೆ ಪಕ್ಕದವರಿಗೆ ಕೊಡದೆ ಉಣ್ಣುವ ಪದ್ಧತಿ ನಮ್ಮ ಕಡೆ ಬಸ್ಸಿನಲ್ಲೂ ಇಲ್ಲ. ಕುಸ್ಕೊದಲ್ಲಿ ಹೇಗೆ ಬಂದೀತು? "ತಗೋರಿ, ತಗೋರಿ" ಎಂದು ಅವರು ಅರ್ಧ ರೊಟ್ಟಿಗೆ ಚಟ್ನಿ ಹಚ್ಚಿ ಅವನ ಕೈಗಿಟ್ಟರು. ಅವನು ತಿಂದವನೇ ಒಳಗೆ ಓಡಿ, ಉದ್ದ ಟೊಪ್ಪಿಗೆಯ ಫ್ರೆಂಚ್ ಅಡುಗೆಯವನನ್ನು ಎಳೆದು ತಂದ. ಅವನೂ ತಿಂದ, ಕಣ್ಣು ಮುಚ್ಚಿದ, ಬಟ್ಟೆಗೆ ಅಂಟಿದ್ದ ಚಟ್ನಿಯನ್ನೂ ಬಿಡದೆ ಬಳಿದ. ಏನೋ ಕೇಳಿದ.

"ಇದನ್ನ ಯಾರು ಮಾಡಿದ್ರು ಅಂತ ಕೇಳಾಕತ್ತಾನ್ರಿ," ಎಂದಿತು ಬಸವೇಶನ ದನಿ.

ಪರದೆಯ ಗುರುಸಂಗಪ್ಪನವರು ಎದ್ದು ನಿಂತು ಎದೆ ತಟ್ಟಿಕೊಂಡರು. "ಐ ಮೇಡ್! ಮೈ ಹ್ಯಾಂಡ್!"

ಅಡುಗೆಯವನು ಬಗ್ಗಿ ಆ ಎರಡೂ ಕೈಗೆ ಮುತ್ತಿಟ್ಟ.

ಆಗ ಎದ್ದ ಶಿಳ್ಳೆ, ಚಪ್ಪಾಳೆಗೆ ಹೈವೇಯ ಲಾರಿಗಳೂ ನಿಂತವು. ನಮ್ಮ ಕೂಡ್ಲಿಗಿಯ ಚಟ್ನಿಗೆ ಫ್ರಾನ್ಸಿನವನು ತಲೆಬಾಗಿದ್ದ! ಏಳು ಸುತ್ತಿನ ಊಟ ಯಾರಿಗೆ ಬೇಕಿತ್ತು? ರಾಜಾಸಾಬ್ ಕಣ್ಣೊರೆಸಿಕೊಂಡರು, ದುರುಗೇಶನೂ ಚಪ್ಪಾಳೆ ತಟ್ಟಿದ. ಗುರುಸಂಗಪ್ಪನವರು ಮಾತ್ರ ಮುಂದಿನ ಸಾಲಿನತ್ತ ಕಣ್ಣೆತ್ತಲಿಲ್ಲ.

ಮೆಹನಾಜ ಮೈಕು ಹಿಡಿದಳು. "ಆ ಚಟ್ನಿ ನನ್ ಹೋಟ್ಲಾಗ ಇರಾಕಬೇಕು. ಕಾಕಾ, ಖರೇನ ನೀವ ಮಾಡಿದ್ರ್ಯಾ?"

ಎಲ್ಲರೂ ಶಿವಬಸಮ್ಮನ ಕಡೆ ತಿರುಗಿದರು. ಅವರದೊಂದು ಮಾತಿಗೆ ಬ್ಯಾನರು ನೆಲ ಕಾಣುತ್ತಿತ್ತು. ಗುರುಸಂಗಪ್ಪನವರು ಕಣ್ಣಲ್ಲೇ ಕೈಮುಗಿದರು. ಶಿವಬಸಮ್ಮ ಸೆರಗು ಸರಿಮಾಡಿಕೊಂಡು ಎದ್ದು ಮೈಕು ಇಸಿದುಕೊಂಡರು.

"ನಂದು ಬರೇ ಮನಿ ಮಟ್ಟಿಗಿನ ಅಡಿಗಿ ನಮ್ಮವ್ವಾ. ಫ್ರೆಂಚ್ ಮಂದಿ ಮೆಚ್ಚೂವಂಗ ಕುಟ್ಟೋದು ಅವ್ರ. ಅವ್ರ ಕೈಗುಣ ಅಂಥಾದ್ದೈತಿ. ದಿನಾ ಎಷ್ಟು ಬೇಕು ಹೇಳು, ಅವ್ರ ಕುಟ್ಟಿ ಕೊಡ್ತಾರ."

ಗುರುಸಂಗಪ್ಪನವರು ಟೇಪು ಕತ್ತರಿಸಿದರು. ಹಾರ ಬಿತ್ತು, ಶಾಲು ಬಿತ್ತು. ಜೀವಮಾನದ ಹೆಮ್ಮೆಯಿಂದ ಅವರು ಒಳಗೆ ಕಾಲಿಟ್ಟಾಗ ನಟ್ಟನಡುವೆ ಮೆಹನಾಜ ಅಷ್ಟರಲ್ಲೇ ತರಿಸಿಟ್ಟ ಒರಳು, ಒನಕೆ, ಹುರಿದ ಶೇಂಗಾದ ರಾಶಿ ಸಿದ್ಧವಾಗಿದ್ದವು. ಸುತ್ತಲೂ ಮೊಬೈಲುಗಳು ಮೇಲೆದ್ದಿದ್ದವು.

ನಾಲ್ಕು ಪೆಟ್ಟಿಗೇ ಅವರ ಕೈ ಸೋತಿತು. ಶಿವಬಸಮ್ಮ ಪಕ್ಕಕ್ಕೆ ಬಂದು, ಜಾರಿದ ಶಾಲನ್ನು ಹೆಗಲಿಗೇರಿಸುತ್ತ ಮೆಲ್ಲಗೆ ಹೇಳಿದರು:

"ಕೈ ನಿಲ್ಲಿಸಬ್ಯಾಡ್ರಿ. ಮಂದಿ ನೋಡಾಕತ್ತಾರ."